ನಮ್ಮ ಎನ್‌ಪಿಕೆ ಪ್ರಾಜೆಕ್ಟು ಮತ್ತು ನಮ್ಮಪ್ಪನ ಗೋವಿನಜೋಳ

ಈ ಸಲದ ಮಿನಿ ಪ್ರಾಜೆಕ್ಟ್ ಪಟ್ಟಿ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಬಂದಿದೆ. ನಿಂತು ಎಣಿಸಿದೆ. ನಮ್ಮ ಒಂದೇ ಬ್ರಾಂಚಿನಲ್ಲಿ ಐದು ಟೀಮಿನವರು "ಸ್ಮಾರ್ಟ್ ಅಗ್ರಿಕಲ್ಚರ್" ತಗೊಂಡಿದ್ದಾರೆ. ಐದರಲ್ಲೂ ಅದೇ ಎನ್‌ಪಿಕೆ ಸೆನ್ಸರ್, ಅದೇ ಇಎಸ್‌ಪಿ32 ಬೋರ್ಡು, ಮೇಲೊಂದು ಆ್ಯಪ್. ಮಣ್ಣಿಗೆ ಚುಚ್ಚಿದರೆ ಮೂರು ಅಂಕಿ ಬರ್ತವೆ, ಆ ಮೂರು ಅಂಕಿ ನೋಡಿ ಯಾವ ಗೊಬ್ಬರ ಹಾಕಬೇಕು ಅಂತ ಆ್ಯಪ್ ಹೇಳುತ್ತೆ. ಯಾರನ್ನೂ ಚೇಡಿಸೋಕೆ ಇದನ್ನ ಬರೀತಿಲ್ಲ. ಹೋದ ವರ್ಷ ಒಂದು ಹ್ಯಾಕಥಾನ್‌ನಲ್ಲಿ ನಮ್ಮ ಟೀಮು ಇದನ್ನೇ ಮಾಡಿ ಮೂರನೇ ಬಹುಮಾನ ತಗೊಂಡಿತ್ತು. ಸರ್ಟಿಫಿಕೇಟು ಇನ್ನೂ ನನ್ನ ಲಿಂಕ್ಡ್‌ಇನ್‌ನಲ್ಲಿದೆ. ಆ ಪ್ರಾಜೆಕ್ಟ್ ತಪ್ಪು ಅಂತ ಹೇಳೋ ಹಕ್ಕು ನನಗಿದೆ, ಯಾಕಂದ್ರೆ ಅದನ್ನ ನಂಬಿ ದುಡ್ಡು ಕಳಕೊಂಡವರು ನಮ್ಮಪ್ಪ.

ನಮ್ಮದು ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವಾಗ ಸಿಗೋ ಒಂದು ಹಳ್ಳಿ. ಎರಿ ಹೊಲ. ಮಳಿ ಬಂದ್ರೆ ಕಾಲಿಗೆ ಎರಡೆರಡು ಕಿಲೋ ಮೆತ್ತಿಕೊಳ್ಳೋ, ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಡೋ ಕರಿ ಮಣ್ಣು. ಹ್ಯಾಕಥಾನ್ ಮುಗಿದ ಮೇಲೆ ಯುಗಾದಿಗೆ ಊರಿಗೆ ಹೋದಾಗ ಸೆನ್ಸರ್ ಒಯ್ದಿದ್ದೆ. ಹೊಲದಲ್ಲಿ ನಾಲ್ಕು ಕಡೆ ಚುಚ್ಚಿದೆ. ಮೊಬೈಲ್ ಪರದೆಯಲ್ಲಿ ಕೆಂಪಕ್ಷರದಲ್ಲಿ ಬಂತು: ಫಾಸ್ಫರಸ್ ಕಡಿಮೆ, ಡಿಎಪಿ ಹೆಚ್ಚಿಸಿ. ಆ ಕೆಂಪಕ್ಷರದ ಕೋಡ್ ಬರೆದವಳು ನಾನೇ. ಮೂರು ಲೈನಿನ ಇಫ್-ಎಲ್ಸ್.

ಅಪ್ಪ ಯಾವಾಗಲೂ ಎಕರೆಗೆ ಒಂದು ಚೀಲ ಡಿಎಪಿ ಹಾಕೋರು. ಜೂನ್‌ನಲ್ಲಿ ಗೋವಿನಜೋಳ ಬಿತ್ತುವಾಗ ಒಂದೂವರೆ ಹಾಕಿದರು. ಕಾಕಾ ಕೇಳಿದಾಗ, "ಮಗಳು ಕಂಪ್ಯೂಟರ್‌ದಾಗ ನೋಡ್ಯಾಳ" ಅಂದರಂತೆ. 50 ಕಿಲೋ ಚೀಲಕ್ಕೆ 1350 ರೂಪಾಯಿ. ಸಬ್ಸಿಡಿ ಕಳೆದ ಮೇಲೆ ಇಷ್ಟು.

ಬೆಳೆ ಮೊಣಕಾಲೆತ್ತರ ಬರೋ ಮೊದಲೇ ಎಲೆ ಬಿಳಿಚಿಕೊಂಡಿತು. ಎಲ್ಲ ಎಲೆ ಅಲ್ಲ, ಸುಳಿಯ ಹತ್ತಿರದ ಹೊಸ ಎಲೆಗಳು. ನಡುವಿನ ನರ ಹಸಿರಾಗೇ ಇದೆ, ಅದರ ಎರಡೂ ಬದಿಗೆ ಅಗಲವಾದ ಬಿಳಿ ಪಟ್ಟಿ. ಅಪ್ಪ ಯೂರಿಯಾ ಸಾಲದಾಗಿರಬೇಕು ಅಂತ ಇನ್ನೊಂದು ಚೀಲ ಎರಚಿದರು. ಯೂರಿಯಾ 45 ಕಿಲೋ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತೆ, ಹಾಗಾಗಿ ನಮ್ಮ ಕಡೆ ಹೊಲಕ್ಕೆ ಏನೇ ಆದರೂ ಮೊದಲ ಔಷಧಿ ಅದೇ. ಏನೂ ಬದಲಾಗಲಿಲ್ಲ. ಆಮೇಲೆ ನನಗೆ ಫೋಟೋ ಕಳಿಸಿದರು. ನನಗೇನು ಗೊತ್ತು? ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಓದೋ ನನ್ನ ಹೈಸ್ಕೂಲ್ ಗೆಳತಿಗೆ ಫಾರ್ವರ್ಡ್ ಮಾಡಿದೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು: "ಇದು ಝಿಂಕ್ ಕೊರತಿ ಕಾಣಸ್ತೈತಿ. ಡಿಎಪಿ ಎಷ್ಟು ಹಾಕೀರಿ?"

ನನಗೆ ಅರ್ಥವಾಗಲಿಲ್ಲ. ಸಮಸ್ಯೆ ಝಿಂಕ್‌ದು ಅಂತಾಳೆ, ಲೆಕ್ಕ ಕೇಳೋದು ಡಿಎಪಿದು. ಡಿಎಪಿಯಲ್ಲಿ ಇರೋದು ಶೇಕಡಾ 18 ಸಾರಜನಕ, 46 ರಂಜಕ. ಝಿಂಕ್‌ಗೂ ಅದಕ್ಕೂ ಏನು ಸಂಬಂಧ? ಈ ಪ್ರಶ್ನೆ ಹಿಡ್ಕೊಂಡು ಎರಡು ತಿಂಗಳು ಓದಿದ್ದರ ಫಲ ಈ ಲೇಖನ.

ಮೊದಲು ಸೆನ್ಸರ್ ವಿಷಯ ಮುಗಿಸ್ತೀನಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ, ಸ್ಟೀಲ್ ಮುಳ್ಳುಗಳಿರೋ ಆ ಸೆನ್ಸರ್ ಮಣ್ಣಿನಲ್ಲಿ ಸಾರಜನಕವನ್ನೋ ರಂಜಕವನ್ನೋ ಗುರುತಿಸಲ್ಲ. ಅದು ಅಳೆಯೋದು ಮುಖ್ಯವಾಗಿ ವಿದ್ಯುತ್ ವಾಹಕತೆ. ಅದರಿಂದ ಒಂದು ಸೂತ್ರ ಹಾಕಿ ಮೂರು ಅಂಕಿ ಉದುರಿಸುತ್ತೆ. ನಂಬಿಕೆ ಇಲ್ಲದವರು ಒಂದು ಲೋಟ ನೀರಿಗೆ ಅಡುಗೆ ಉಪ್ಪು ಹಾಕಿ ಅದರಲ್ಲಿ ಸೆನ್ಸರ್ ಅದ್ದಿ ನೋಡಿ. ನಾವು ನೋಡಿದ್ವಿ. ಉಪ್ಪು ಹಾಕಿದಷ್ಟೂ ಎನ್, ಪಿ, ಕೆ ಮೂರೂ ಏರಿದವು. ಹ್ಯಾಕಥಾನ್‌ನ ಜಡ್ಜ್ ಯಾರೂ ಈ ಪರೀಕ್ಷೆ ಮಾಡಲಿಲ್ಲ. ನಾವೂ ಮಾಡಿರಲಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ನಾಚಿಕೆ.

ಆದರೆ ನನ್ನ ತಕರಾರು ಸೆನ್ಸರ್ ಮೇಲಷ್ಟೇ ಅಲ್ಲ. ನಾಳೆ ಯಾರಾದರೂ ಪಕ್ಕಾ ಸೆನ್ಸರ್ ತಂದರೂ ನಮ್ಮ ಆ್ಯಪ್ ತಪ್ಪೇ ಹೇಳುತ್ತಿತ್ತು. ಯಾಕಂದ್ರೆ ಗಿಡದ ಬೇರು ಒಂದೊಂದು ಪೋಷಕಾಂಶವನ್ನ ಬೇರೆ ಬೇರೆ ಕಾಲಮ್ಮಿನಲ್ಲಿ ಓದಲ್ಲ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ದಿನ ಹೋದವರಿಗೆ ಬಸ್ಸಿನ ಬಾಗಿಲು ಅಂದರೆ ಏನು ಅಂತ ಗೊತ್ತು. ಸೀಟು ಎಷ್ಟಿದ್ದರೂ ಬಾಗಿಲು ಒಂದೇ. ಯಾರು ಒಳಗೆ ಹೋಗ್ತಾರೆ ಅನ್ನೋದು ಅವರ ಅವಸರದ ಮೇಲೆ ನಿಂತಿಲ್ಲ, ಬಾಗಿಲ ಮುಂದೆ ಇನ್ನೂ ಎಷ್ಟು ಜನ, ಎಂಥವರು ಇದ್ದಾರೆ ಅನ್ನೋದರ ಮೇಲೆ ನಿಂತಿದೆ. ಬೇರಿನ ಜೀವಕೋಶದ ಪೊರೆಯಲ್ಲೂ ಹೀಗೇ ಬಾಗಿಲುಗಳಿವೆ, ಪ್ರೋಟೀನ್‌ನಿಂದ ಮಾಡಿದ್ದು. ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಮೋನಿಯಂ ಎಲ್ಲ ಧನ ವಿದ್ಯುದಂಶದ ಅಯಾನುಗಳು. ಒಂದು ವಿಪರೀತ ಹೆಚ್ಚಾದರೆ ಇನ್ನೊಂದಕ್ಕೆ ಒಳಗೆ ಹೋಗೋದು ಕಷ್ಟ. ಮಣ್ಣಿನಲ್ಲಿ ಅದು ಇದ್ದರೂ ಗಿಡಕ್ಕೆ ಇಲ್ಲದಂತೆಯೇ.

ಇದನ್ನ ಲೆಕ್ಕದಲ್ಲಿ ತೋರಿಸಿದ್ದು 1952ರಲ್ಲಿ ಎಮಾನ್ಯುಯೆಲ್ ಎಪ್‌ಸ್ಟೀನ್ ಮತ್ತು ಹೇಗನ್. ಬಾರ್ಲಿ ಬೇರು ತಗೊಂಡು ರುಬಿಡಿಯಂ ಎಷ್ಟು ವೇಗವಾಗಿ ಒಳಗೆ ಹೋಗುತ್ತೆ ಅಂತ ಅಳೆದರು. ಪಕ್ಕದಲ್ಲಿ ಪೊಟ್ಯಾಶಿಯಂ ಇಟ್ಟರೆ ರುಬಿಡಿಯಂ ನಿಧಾನವಾಯಿತು. ಗ್ರಾಫ್ ಹಾಕಿದರೆ ಬಂದಿದ್ದು ಕಿಣ್ವಗಳಿಗೆ ಬಳಸೋ ಮೈಕೇಲಿಸ್-ಮೆಂಟೆನ್ ಸಮೀಕರಣ. "ಬಯಾಲಜಿ ಫಾರ್ ಎಂಜಿನಿಯರ್ಸ್" ಪೇಪರನ್ನ ನಾವೆಲ್ಲ ಪಾಸಾದರೆ ಸಾಕು ಅಂತ ಓದ್ತೀವಲ್ಲ, ಅಲ್ಲಿ ಬರೋ ಕಿಣ್ವಗಳ ಮಾತು ಇಲ್ಲಿ ಹೊಲಕ್ಕೆ ಬರುತ್ತೆ. ಇಬ್ಬರು ಒಂದೇ ಜಾಗಕ್ಕೆ ಪೈಪೋಟಿ ಮಾಡಿದಾಗ ಗರಿಷ್ಠ ವೇಗ ಬದಲಾಗಲ್ಲ, ಆ ವೇಗ ಮುಟ್ಟೋಕೆ ಬೇಕಾದ ಪ್ರಮಾಣ ಹೆಚ್ಚಾಗುತ್ತೆ. ಅಂದರೆ "ಎಷ್ಟಿದೆ" ಅನ್ನೋ ಪ್ರಶ್ನೆಗೆ ಅರ್ಥ ಬರೋದು "ಪಕ್ಕದವರು ಎಷ್ಟಿದ್ದಾರೆ" ಅಂತ ಗೊತ್ತಾದ ಮೇಲೆ. ಇಷ್ಟು ದಿನ ಮಣ್ಣನ್ನ ನಾನು ಟ್ಯಾಂಕ್ ಅಂದ್ಕೊಂಡಿದ್ದೆ, ಲೆವೆಲ್ ಕಡಿಮೆಯಾದರೆ ತುಂಬಿಸು ಅಂತ. ಅದು ಕ್ಯೂ.

ಕಬ್ಬಿಣದ ಬಾಗಿಲು ಇನ್ನೂ ಮಜವಾಗಿದೆ. ಐಆರ್‌ಟಿ1 ಅಂತ ಒಂದು ಪ್ರೋಟೀನು. ಗಿಡಕ್ಕೆ ಕಬ್ಬಿಣದ ಹಸಿವಾದಾಗ ಬೇರು ಇದನ್ನ ಹೆಚ್ಚು ತಯಾರಿಸುತ್ತೆ. ಆದರೆ ಈ ಬಾಗಿಲು ಕಬ್ಬಿಣಕ್ಕಷ್ಟೇ ತೆರೆಯಲ್ಲ, ಝಿಂಕ್, ಮ್ಯಾಂಗನೀಸ್ ಜತೆಗೆ ವಿಷವಾದ ಕ್ಯಾಡ್ಮಿಯಂ ಕೂಡ ಇದರಲ್ಲೇ ನುಸುಳುತ್ತೆ. ಟಿಕೆಟ್ ನೋಡದ ಕಂಡಕ್ಟರ್ ಇದ್ದಂಗೆ.

ಈಗ ನಮ್ಮ ಗೋವಿನಜೋಳಕ್ಕೆ ಬರೋಣ. ಇಲ್ಲಿ ನಾನೊಂದು ತಪ್ಪು ಮಾಡಿದ್ದೆ, ನೀವೂ ಮಾಡಬಹುದು. ರಂಜಕ ಮತ್ತು ಝಿಂಕ್ ಒಂದೇ ಬಾಗಿಲಲ್ಲಿ ಗುದ್ದಾಡ್ತವೆ ಅಂದ್ಕೊಂಡಿದ್ದೆ. ಹಾಗಿಲ್ಲ. ರಂಜಕ ಒಳಗೆ ಹೋಗೋದು ಋಣ ವಿದ್ಯುದಂಶದ ಫಾಸ್ಫೇಟ್ ಆಗಿ, ಝಿಂಕ್ ಧನ ಅಯಾನು, ಬಾಗಿಲುಗಳೇ ಬೇರೆ. ಜಗಳ ನಡೆಯೋದು ಬಳಸು ದಾರಿಯಲ್ಲಿ. ಬೇರಿನ ಜತೆ ಮೈಕೊರೈಝಾ ಅನ್ನೋ ಶಿಲೀಂಧ್ರ ಕೂಡಿ ಬಾಳುತ್ತೆ. ಬೇರಿಗೆ ಕೈ ಮುಟ್ಟದ ಜಾಗದಿಂದ ಇದರ ಎಳೆಗಳು ರಂಜಕ, ಝಿಂಕ್ ಎರಡನ್ನೂ ತಂದು ಕೊಡ್ತವೆ, ಬದಲಿಗೆ ಗಿಡದಿಂದ ಸಕ್ಕರೆ ತಗೊಳ್ತವೆ. ಡಿಎಪಿ ಸುರಿದಾಗ ಗಿಡಕ್ಕೆ ರಂಜಕ ಪುಕ್ಕಟೆ ಸಿಗುತ್ತೆ, ಶಿಲೀಂಧ್ರಕ್ಕೆ ಯಾಕೆ ಸಕ್ಕರೆ ಕೊಡಬೇಕು ಅಂತ ಸಂಬಂಧ ಸಡಿಲಾಗುತ್ತೆ. ರಂಜಕ ತರುತ್ತಿದ್ದವನ ಜತೆ ಝಿಂಕ್ ತರುತ್ತಿದ್ದವನೂ ಕೆಲಸ ಬಿಟ್ಟು ಹೋದ, ಯಾಕಂದ್ರೆ ಇಬ್ಬರೂ ಒಬ್ಬನೇ. ಇನ್ನೊಂದು ಕಾರಣ: ರಂಜಕ ಸಿಕ್ಕ ಗಿಡ ಬೇಗ ಬೆಳೆಯುತ್ತೆ, ಒಳಗಿದ್ದ ಸ್ವಲ್ಪ ಝಿಂಕ್ ದೊಡ್ಡ ಮೈಗೆ ಹಂಚಿಹೋಗಿ ತೆಳುವಾಗುತ್ತೆ. ಸಾರಿಗೆ ನೀರು ಹಾಕಿದಂಗೆ.

ಇದಕ್ಕೆಲ್ಲ ಮೊದಲು ಎರಿ ಮಣ್ಣಿನದೇ ಒಂದು ಗುಣ ಇದೆ. ನಮ್ಮ ಕಡೆ ಹೊಲ ಅಗೆದರೆ ಬಿಳಿ ಸುಣ್ಣದ ಹರಳು ಸಿಗ್ತವೆ, ಚಿಕ್ಕವರಿದ್ದಾಗ ಅದರಲ್ಲಿ ಆಡ್ತಿದ್ವಿ. ಪಿಎಚ್ ಎಂಟರ ಮೇಲೆ. ಪಿಎಚ್ ಒಂದು ಅಂಕ ಏರಿದರೆ ಝಿಂಕ್ ಕರಗೋದು ನೂರು ಪಟ್ಟು ಇಳಿಯುತ್ತೆ, ಕಬ್ಬಿಣ ಸಾವಿರ ಪಟ್ಟು. ಅದಕ್ಕೇ ಶೇಂಗಾ, ಸೋಯಾಬೀನ್ ಎರಿ ಹೊಲದಲ್ಲಿ ಮಳೆ ನೀರು ನಿಂತ ವಾರ ಹಳದಿ ತಿರುಗೋದು. ಮಣ್ಣಿನಲ್ಲಿ ಕಬ್ಬಿಣ ರಾಶಿ ಬಿದ್ದಿದೆ, ಆದರೆ ಬೈಕಾರ್ಬೊನೇಟ್ ಅದನ್ನ ಬೇರಿಗೆ ಸಿಗೋಕೆ ಬಿಡಲ್ಲ. ಹೊಸ ಎಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಗುಮಾನಿ, ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ್ದು. ಈ ಒಂದು ವಾಕ್ಯ ಗೊತ್ತಿದ್ದರೆ ನಮ್ಮಪ್ಪ ಆ ಯೂರಿಯಾ ಚೀಲ ಎರಚುತ್ತಿರಲಿಲ್ಲ.

ಹತ್ತಿ ಬೆಳೆಯೋರ ಮನೆಯವರು ಎಲೆ ಕೆಂಪಾಗೋದನ್ನ ನೋಡಿರ್ತೀರಿ. ಅದಕ್ಕೆ ರಾತ್ರಿ ಥಂಡಿ, ನೀರಿನ ಕೊರತೆ, ಸಾರಜನಕ ಹೀಗೆ ಹಲವು ಕಾರಣ. ಅದರಲ್ಲಿ ಮೆಗ್ನೀಸಿಯಂ ಕೊರತೆಯೂ ಒಂದು, ಅದಕ್ಕೇ ಕೃಷಿ ವಿಜ್ಞಾನಿಗಳು ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಿ ಅನ್ನೋದು. ನಮ್ಮ ಆ್ಯಪ್ ಏನು ಹೇಳುತ್ತಿತ್ತು ಗೊತ್ತಾ? ಪೊಟ್ಯಾಶ್ ಹಾಕಿ ಅಂತ. ಎರಿ ಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶ್ ಸಾಕಷ್ಟು ಇರುತ್ತೆ, ಮೇಲಿಂದ ಮತ್ತೆ ಸುರಿದರೆ ಬಾಗಿಲಲ್ಲಿ ಮೆಗ್ನೀಸಿಯಂ ಇನ್ನೂ ಹಿಂದೆ ಬೀಳುತ್ತೆ.

ಮತ್ತೆ ಇದು ಎರಿ ಮಣ್ಣಿನ ಕಥೆ ಮಾತ್ರ. ಬೈಲಹೊಂಗಲದಿಂದ ಕಿತ್ತೂರಿನ ಕಡೆ, ಆಚೆ ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಮಳೆ ಹೆಚ್ಚು, ಅಲ್ಲಲ್ಲಿ ಕೆಂಪು ಮಣ್ಣು ಬರುತ್ತೆ. ಹುಳಿ ಕೆಂಪು ಮಣ್ಣಿನಲ್ಲಿ ರಂಜಕವನ್ನ ಹಿಡಿದಿಡೋದು ಸುಣ್ಣ ಅಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂ. ರಾಮದುರ್ಗದ ಕಡೆ ಹೋದರೆ ಮಳೆ ಕಡಿಮೆ, ಕಥೆ ಮತ್ತೆ ಬೇರೆ. ಮಲಪ್ರಭಾ ಕಾಲುವೆ ನೀರು ಸಿಗೋ ಹೊಲ, ಸಿಗದ ಹೊಲ ಎರಡೂ ಒಂದೇ ಅಲ್ಲ. ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕಿಗೆ ನಮ್ಮ ಆ್ಯಪ್‌ನಲ್ಲಿ ಇದ್ದದ್ದು ಒಂದೇ ಇಫ್-ಎಲ್ಸ್.

"ಇಫ್-ಎಲ್ಸ್ ಬರೆದರೆ ಹಾಗೇ ಆಗೋದು, ಮಷಿನ್ ಲರ್ನಿಂಗ್ ಹಾಕಬೇಕಿತ್ತು" ಅಂತ ಒಬ್ಬ ಸೀನಿಯರ್ ಹೇಳಿದರು. ಈ ಸಲದ ಐದು ಟೀಮಿನಲ್ಲಿ ಮೂರು ಅದನ್ನೇ ಮಾಡ್ತಿವೆ. ಮೂವರೂ ಬಳಸ್ತಿರೋದು ಕ್ಯಾಗಲ್‌ನಲ್ಲಿರೋ ಕ್ರಾಪ್ ರೆಕಮೆಂಡೇಶನ್ ಡೇಟಾಸೆಟ್. 2200 ಸಾಲು, 22 ಬೆಳೆ, ಬೆಳೆಗೆ ಸರಿಯಾಗಿ 100 ಸಾಲು. ರ‍್ಯಾಂಡಮ್ ಫಾರೆಸ್ಟ್ ಓಡಿಸಿದರೆ 99 ಪರ್ಸೆಂಟ್ ಅಕ್ಯುರಸಿ ಬರುತ್ತೆ, ಪಿಪಿಟಿಯಲ್ಲಿ ದೊಡ್ಡದಾಗಿ ಹಾಕ್ತೀವಿ. ಒಮ್ಮೆ ಆ ಬೆಳೆಗಳ ಪಟ್ಟಿ ಓದಿ. ಸೇಬು ಇದೆ, ಸೆಣಬು ಇದೆ, ಕಾಫಿ ಇದೆ. ಜೋಳ ಇಲ್ಲ. ಕಬ್ಬಿಲ್ಲ, ಸೋಯಾಬೀನ್ ಇಲ್ಲ, ಶೇಂಗಾ ಇಲ್ಲ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಬಸ್ಸಿನ ಕಿಟಕಿಯಿಂದ ಏನು ಕಾಣುತ್ತೋ ಅದರಲ್ಲಿ ಅರ್ಧಕ್ಕರ್ಧ ಆ ಪಟ್ಟಿಯಲ್ಲೇ ಇಲ್ಲ. ಕಾಲಮ್‌ಗಳು ಎನ್, ಪಿ, ಕೆ, ತಾಪಮಾನ, ತೇವಾಂಶ, ಪಿಎಚ್, ಮಳೆ. ಝಿಂಕ್ ಇಲ್ಲ, ಕಬ್ಬಿಣ ಇಲ್ಲ, ಗಂಧಕ ಇಲ್ಲ. ಮಾಡೆಲ್ ತಾನೇ ಸಂಬಂಧ ಕಲಿಯುತ್ತೆ ಅಂತೀರಲ್ಲ, ಇಲ್ಲದ ಕಾಲಮ್ಮಿನ ಸಂಬಂಧವನ್ನ ಯಾವ ಮಾಡೆಲ್ ಕಲಿಯುತ್ತೆ? ಅದೂ ಅಲ್ಲದೆ ಆ ಡೇಟಾ ಒಂದು ಹೊಲದಲ್ಲಿ ಗೊಬ್ಬರ ಹಾಕಿ ಇಳುವರಿ ತೂಗಿ ಬರೆದದ್ದಲ್ಲ. ಮಳೆ, ಹವಾಮಾನ, ಗೊಬ್ಬರದ ಬೇರೆ ಬೇರೆ ದತ್ತಾಂಶ ಸೇರಿಸಿ, ಹಿಗ್ಗಿಸಿ ಮಾಡಿದ್ದು. ಕಲಿಯೋಕೆ ಚೆನ್ನಾಗಿದೆ. ರೈತರ ಕೈಗೆ ಕೊಡೋಕಲ್ಲ.

ಹೊಟ್ಟೆ ಉರಿಸಿದ ವಿಷಯ ಇದಾದ ಮೇಲೆ ಗೊತ್ತಾಯ್ತು. ಬೇಕಾಗಿದ್ದ ಅಂಕಿ ನಮ್ಮ ಮನೆಯಲ್ಲೇ ಇತ್ತು. ಮಣ್ಣು ಆರೋಗ್ಯ ಚೀಟಿ ಅಂತ ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಶುರು ಮಾಡಿದ್ದು. ಅದರಲ್ಲಿ 12 ಅಂಕಿ ಇರ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಝಿಂಕ್, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ನಮ್ಮ ಚೀಟಿ ದೇವರ ಜಗಲಿ ಮೇಲೆ, ಪಂಚಾಂಗದ ಕೆಳಗೆ ಇತ್ತು. ಪಿಎಚ್ 8.3. ಝಿಂಕ್ 0.42 ಪಿಪಿಎಂ, ಇರಬೇಕಾದದ್ದು 0.6. ಕಬ್ಬಿಣ 3.8, ಅದಕ್ಕೆ ಗಡಿ 4.5. ರಂಜಕ? ಮಧ್ಯಮ. ಸೆನ್ಸರ್ ಕಡಿಮೆ ಅಂದಿದ್ದು ಮಧ್ಯಮ ಇತ್ತು, ನಿಜವಾಗಿ ಕಡಿಮೆ ಇದ್ದದ್ದನ್ನ ಸೆನ್ಸರ್ ಕೇಳಿಯೇ ಇರಲಿಲ್ಲ. ನಮ್ಮ ರಾಜ್ಯದಲ್ಲಿ 2009ರಲ್ಲಿ ಭೂಚೇತನ ಯೋಜನೆ ಶುರುವಾದಾಗಲೇ ಇಕ್ರಿಸ್ಯಾಟ್‌ನವರು ಮಣ್ಣು ಪರೀಕ್ಷೆ ಮಾಡಿ ಗಂಧಕ, ಝಿಂಕ್, ಬೋರಾನ್ ಕೊರತೆ ಬಗ್ಗೆ ಹೇಳಿದ್ದರು. ನಾವು ಹುಟ್ಟಿ ಎರಡು-ಮೂರು ವರ್ಷ ಆಗಿತ್ತಷ್ಟೇ. ನಾವು ಹೊಸದಾಗಿ ಕಂಡುಹಿಡಿದದ್ದು ಏನು?

ಚೀಟಿಯಲ್ಲೂ ಒಂದು ಕೊರತೆ ಇದೆ. ಹನ್ನೆರಡು ಅಂಕಿ ಹನ್ನೆರಡು ಸಾಲಿನಲ್ಲಿ ನಿಂತಿವೆ, ಒಂದಕ್ಕೊಂದು ಪರಿಚಯವೇ ಇಲ್ಲದವರ ಥರ. ಈ ಸಾಲು ಆ ಸಾಲನ್ನ ಹೇಗೆ ತಡೆಯುತ್ತೆ ಅಂತ ಹೇಳೋಕೆ ಒಬ್ಬ ಮನುಷ್ಯ ಬೇಕು. ನಾನು ಹೇಳೋಕೆ ಹೋದೆ, ಬಾಯಿ ಕಟ್ಟಿತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆಂಟಗಾನಿಸಂ, ಅಪ್‌ಟೇಕ್, ಕಾಂಪಿಟಿಟಿವ್ ಇನ್ಹಿಬಿಷನ್, ಎಲ್ಲ ಇಂಗ್ಲಿಷಿನಲ್ಲಿ ಗೊತ್ತು. ಅಪ್ಪನ ಮುಂದೆ ಕೂತಾಗ ಒಂದಕ್ಕೂ ಮಾತು ಸಿಗಲಿಲ್ಲ. "ಅದೇನಂದ್ರ ಅಪ್ಪಾ, ರಂಜಕ ಭಾಳ ಆದ್ರ ಝಿಂಕ್..." ಅಂತ ತೊದಲಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಗ್ವಾದ್ಲ್ಯಾಗ ಮೇವು ಹಾಕೇವಿ ಅಂದ್ರ ಕರಾ ತಿಂತು ಅಂತ ಅಲ್ಲವಾ. ದೊಡ್ಡ ಎತ್ತು ಹಾಯಾಕತ್ತಿದ್ರ ಕರಾ ಹಿಂದ ನಿಂತಿರತೈತಿ. ಮೇವು ಹೆಚ್ಚ ಹಾಕಿದ್ರ ಎತ್ತ ತಿಂತೈತಿ" ಅಂದರು. ನಾನು ಎರಡು ತಿಂಗಳು ಓದಿದ್ದು ಅದೇ. ಆಮೇಲೆ ಮೈಕೊರೈಝಾ ವಿಷಯ ಹೇಳಿದಾಗ ಅವರೇ ಕೇಳಿದರು, "ಅಂದ್ರ ಕರಾಕ ಮೇವು ಹಾಕೋ ಆಳನ್ನ ನಾವ ಬಿಡಿಸಿಬಿಟ್ವಿ?" ಹೌದು ಅಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಆ ಬಿಳಿ ಪಟ್ಟಿಗೆ ನಮ್ಮ ಹೆಚ್ಚಿನ ಡಿಎಪಿಯೇ ಕಾರಣ ಅಂತ ಪ್ರಮಾಣ ಮಾಡಿ ಹೇಳೋಕೆ ಆಗಲ್ಲ. ಝಿಂಕ್ ಮೊದಲೇ ಕಡಿಮೆ ಇತ್ತು, ಒಂದೇ ಚೀಲ ಹಾಕಿದ್ದರೂ ಸ್ವಲ್ಪ ಕಾಣಿಸಿಕೊಳ್ತಿತ್ತೇನೋ. ಆದರೆ ಪಕ್ಕದ ಕಾಕಾನ ಹೊಲದಲ್ಲಿ ಎಂದಿನಂತೆ ಒಂದು ಚೀಲ ಬಿದ್ದಿತ್ತು, ಅಲ್ಲಿ ಪಟ್ಟಿ ಅಷ್ಟು ಕಾಣಲಿಲ್ಲ. ಎರಡು ಹೊಲದ ಲೆಕ್ಕ ಪ್ರಯೋಗ ಅಲ್ಲ ಅಂತ ನನಗೂ ಗೊತ್ತು. ಗೆಳತಿ ಹೇಳಿದಂತೆ ಝಿಂಕ್ ಸಲ್ಫೇಟ್ ಅರ್ಧ ಪರ್ಸೆಂಟ್ ದ್ರಾವಣಕ್ಕೆ ಅದರ ಅರ್ಧದಷ್ಟು ಸುಣ್ಣ ಸೇರಿಸಿ ಎರಡು ಸಲ ಹೊಡೆದರು. ಎಲೆ ಚೇತರಿಸಿಕೊಂಡಿತು, ತೆನೆ ಅಷ್ಟಕ್ಕಷ್ಟೆ. ಮುಂದಿನ ಸಲಕ್ಕೆ ಅವಳು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದಾಳೆ: ಬಿತ್ತುವಾಗ ಎಕರೆಗೆ 10 ಕಿಲೋ ಝಿಂಕ್ ಸಲ್ಫೇಟ್ ಹಾಕಿ, ಆದರೆ ಡಿಎಪಿ ಜತೆ ಕಲಸಬೇಡಿ. ಕಲಸಿದರೆ ಎರಡೂ ಸೇರಿ ಕರಗದ ಝಿಂಕ್ ಫಾಸ್ಫೇಟ್ ಆಗಿ ಕೂಡುತ್ತೆ. ಇದನ್ನ ಗೊಬ್ಬರದ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಪೋಷಕಾಂಶಗಳು ಬರೀ ಜಗಳಗಂಟಿಗಳು ಅಂತಲೂ ತಿಳೀಬೇಡಿ. ಗೋವಿನಜೋಳದಂಥ ಹುಲ್ಲಿನ ಜಾತಿಯ ಬೇರು ಕಬ್ಬಿಣವನ್ನ ಹಿಡಿದು ತರೋ ಒಂದು ರಸ ಬಿಡುತ್ತೆ. ಚೀನಾದಲ್ಲಿ ಸುಣ್ಣದ ಮಣ್ಣಿನಲ್ಲಿ ಶೇಂಗಾ ಜತೆ ಗೋವಿನಜೋಳ ಹಾಕಿ ನೋಡಿದಾಗ ಶೇಂಗಾ ಹಳದಿಯಾಗೋದು ಕಡಿಮೆಯಾಯಿತು, ಒಬ್ಬರು ತಂದದ್ದನ್ನ ಇನ್ನೊಬ್ಬರು ಉಂಡರು. ನಮ್ಮ ಅಜ್ಜ ಹೊಲದಲ್ಲಿ ಅಕ್ಕಡಿ ಹಾಕ್ತಿದ್ದರಂತೆ. ಅವರಿಗೆ ಈ ಕಾರಣ ಗೊತ್ತಿತ್ತು ಅಂತ ನಾನು ಹೇಳಲ್ಲ, ಆ ಥರದ ವಾಟ್ಸಾಪ್ ಹೆಮ್ಮೆ ನನಗೆ ಆಗಿಬರಲ್ಲ. ಆದರೆ ನಮ್ಮ ಯಾವ ಆ್ಯಪ್‌ನಲ್ಲೂ "ಪಕ್ಕದ ಸಾಲಿನಲ್ಲಿ ಏನಿದೆ" ಅನ್ನೋ ಇನ್‌ಪುಟ್ ಇಲ್ಲ ಅನ್ನೋದಂತೂ ನಿಜ.

ಈ ಮಾತನ್ನ ಹಾಸ್ಟೆಲ್‌ನಲ್ಲಿ ಎತ್ತಿದಾಗ ಬಂದ ಉತ್ತರ: "ಇದು ಪ್ರೂಫ್ ಆಫ್ ಕಾನ್ಸೆಪ್ಟ್ ಅಲ್ವಾ, ಮಾರ್ಕ್ಸ್ ಬಂದರೆ ಸಾಕು, ಯಾರು ಹೊಲಕ್ಕೆ ಒಯ್ತಾರೆ?" ನಾನು ಒಯ್ದೆ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹೊಲ ಇದೆ ಅಂತ ಕೈ ಎತ್ತಿಸಿ ನೋಡಿ. ನಾಲ್ಕನೇ ಸೆಮ್‌ನ ಮಗ ಅಥವಾ ಮಗಳು ಹೇಳಿದ್ದನ್ನ ಮನೆಯವರು ಪ್ರೂಫ್ ಆಫ್ ಕಾನ್ಸೆಪ್ಟ್ ಅಂತ ತಗೊಳ್ಳಲ್ಲ, ಓದಿದವರ ಮಾತು ಅಂತ ತಗೊಳ್ತಾರೆ. ಇನ್ನೊಬ್ಬರು ಹೇಳಿದ್ದು ಸ್ವಲ್ಪ ಗಟ್ಟಿ ಮಾತು: ಇಷ್ಟೆಲ್ಲ ಸಂಬಂಧ ಹಾಕಿದರೆ ಆ್ಯಪ್ ಜಟಿಲವಾಗುತ್ತೆ, ರೈತರಿಗೆ ಸರಳವಾದ ಉತ್ತರ ಬೇಕು. ಒಪ್ತೀನಿ, ಉತ್ತರ ಸರಳ ಇರಬೇಕು. "ಈ ಹೊಲಕ್ಕೆ ಈ ವರ್ಷ ಡಿಎಪಿ ಹೆಚ್ಚು ಬೇಡ, ಝಿಂಕ್ ಹಾಕಿ" ಅನ್ನೋದು ಸರಳವಾಗೇ ಇದೆ. ಅದಕ್ಕೆ ಬೇಕಾದ ಜಟಿಲ ನಮ್ಮ ಕಡೆ ಇರಬೇಕು, ಇಂಜಿನಿಯರಿಂಗ್ ಸೀಟು ತಗೊಂಡಿದ್ದು ನಾವು ತಾನೇ.

ಐದು ಟೀಮಿನವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಸೆನ್ಸರ್‌ಗೆ ಖರ್ಚು ಮಾಡೋ ಮೊದಲು ಉಪ್ಪು ನೀರಿನ ಪರೀಕ್ಷೆ ಮಾಡಿ. ರಿವ್ಯೂನಲ್ಲಿ ಅಕ್ಯುರಸಿ ಹೇಳುವಾಗ ಯಾವ ಬೆಳೆ, ಯಾವ ಮಣ್ಣು ಅಂತಲೂ ಹೇಳಿ. ರಿವ್ಯೂ ಮಾಡೋ ಸರ್, ಮೇಡಂಗಳಿಗೂ ಒಂದು ವಿನಂತಿ, "ಇದನ್ನ ಯಾರ ಹೊಲದಲ್ಲಿ ನೋಡಿದ್ರಿ" ಅಂತ ಒಂದೇ ಪ್ರಶ್ನೆ ಕೇಳಿ.

ನಾನೂ ಒಂದು ಟೀಮ್ ರಿಜಿಸ್ಟರ್ ಮಾಡಿದ್ದೀನಿ, ಸೆನ್ಸರ್ ಇಲ್ಲದ್ದು. ಮಣ್ಣು ಆರೋಗ್ಯ ಚೀಟಿಯ ಫೋಟೋ ಹಾಕಿದರೆ ಹನ್ನೆರಡು ಅಂಕಿ ಓದಿ, ಯಾವುದು ಯಾವುದನ್ನ ತಡೀತಿರಬಹುದು ಅಂತ ಕನ್ನಡದಲ್ಲಿ, ನಮ್ಮಪ್ಪನಿಗೆ ತಿಳಿಯೋ ಕನ್ನಡದಲ್ಲಿ ಹೇಳಬೇಕು. ಧಾರವಾಡದ ಗೆಳತಿ ತಪ್ಪು ತಿದ್ದೋಕೆ ಒಪ್ಪಿದ್ದಾಳೆ. ಇನ್ನೂ ಇಬ್ಬರು ಬೇಕು. ಕೋಡಿಂಗ್ ಬರದಿದ್ದರೂ ನಡೆಯುತ್ತೆ, ಆದರೆ ಊರಿಗೆ ಹೋದಾಗ ಮನೆಯ ಚೀಟಿ ಹುಡುಕಿ ತರಬೇಕು. ಕಿತ್ತೂರು ಕಡೆಯ ಕೆಂಪು ಮಣ್ಣಿನವರು ಯಾರಾದರೂ ಇದ್ದರೆ ಮೊದಲು ಬನ್ನಿ, ನನ್ನ ಹತ್ತಿರ ಇರೋದೆಲ್ಲ ಎರಿ ಹೊಲದ ಚೀಟಿಗಳೇ.